ಹಸಿವಿನ ಆಟ ಕಟ್ಟುತ್ತಿರುವ ಮೊಮ್ಮಗಳಿಗೆ ಮುತ್ಯಾನ ಕಿವಿಮಾತು

ಯವ್ವಾ, ನೀನೂ ನಿನ್ನ ಗೆಳತಿಯರೂ ಕೂಡಿ ಕಟ್ಟುತ್ತಿರುವ ವಿಡಿಯೊ ಗೇಮಿನ ಕರಡು ಓದಿದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ನೆಲವೇ ಅದರ ನಕಾಶೆ; ಬರಗಾಲದ ಒಂದು ವರ್ಷ ಜೀವ ಹಿಡಿದು ದಾಟುವುದೇ ಆಟ. ಪರದೆಯ ಮೂಲೆಯಲ್ಲಿ ಎರಡು ಪಟ್ಟಿ ಇಟ್ಟಿದ್ದೀರಿ, ಹಸಿವಿನದು ಕೆಂಪು, ನೀರಡಿಕೆಯದು ನೀಲಿ. ಎರಡೂ ಒಂದೇ ವೇಗದಲ್ಲಿ ಇಳಿಯುತ್ತವೆ, ಬರಿದಾದರೆ ಆಟ ಮುಗಿಯಿತು. ಇಷ್ಟಕ್ಕೇ ಬಿಟ್ಟರೆ ಊರುಗಳ ಹೆಸರು ಮಾತ್ರ ನಮ್ಮದಾಗುತ್ತದೆ. ನಮ್ಮ ಕಡೆ ಹಸಿವು ಒಬ್ಬರ ಹೊಟ್ಟೆಯಲ್ಲಿ ಹುಟ್ಟಿ ಅಲ್ಲೇ ಮುಗಿದುಹೋಗುವ ಸಂಗತಿಯಾಗಿರಲಿಲ್ಲ. ಒಲೆ, ಬಾವಿ, ನೆರೆಮನೆಯ ಬಾಗಿಲು, ಗುಡಿಯ ದಾಸೋಹ ಎಲ್ಲಕ್ಕೂ ಅದರ ನಂಟು. ಆ ನಂಟು ಆಟದೊಳಗೆ ಬರಬೇಕೆಂಬುದು ನನ್ನ ಆಸೆ. ಮಾಸ್ತರಿಕೆ ಮಾಡಿದ ಕಾಲದಲ್ಲಿ ಹುಡುಗರ ಮುಖ ನೋಡಿ ಹೊಟ್ಟೆಯ ಸ್ಥಿತಿ ತಿಳಿಯುತ್ತಿದ್ದೆ. ಆ ತಿಳಿವಳಿಕೆಯಿಂದ, ನೀನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ ಆಟಗಳಿಂದ, ಓದಿದ್ದರಿಂದ ಬರೆದಿದ್ದೇನೆ. ಒಪ್ಪಿಗೆಯಾದದ್ದನ್ನು ತಗೊಳ್ಳಿ.

• ನೀರಡಿಕೆಯ ಪಟ್ಟಿ ಹಸಿವಿನದಕ್ಕಿಂತ ಬಹಳ ಬೇಗ ಇಳಿಯಲಿ. ಉಣ್ಣದೆ ಮನುಷ್ಯ ವಾರಗಟ್ಟಲೆ ಜೀವ ಹಿಡಿಯಬಲ್ಲ. ನೀರಿಲ್ಲದೆ ಸುಮಾರು ಮೂರು ದಿನ, ಅದೂ ನೆರಳಲ್ಲಿ ಸುಮ್ಮನೆ ಕೂತವನಿಗೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42–43 ಡಿಗ್ರಿ ಮುಟ್ಟಿದಾಗ ಎರಿ ಹೊಲದಲ್ಲಿ ದುಡಿಯುವವರ ಮೈಯಿಂದ ತಾಸಿಗೆ ಒಂದು ಲೀಟರಿನಷ್ಟು ಬೆವರು ಹರಿಯಬಹುದು. ಮೈತೂಕದ ನೂರಕ್ಕೆ ಎರಡು ಪಾಲು ನೀರು ಹೋಯಿತೆಂದರೆ ಕೈಕಾಲಿನ ಕಸುವೂ ಕೆಲಸದ ಮೇಲಿನ ಲಕ್ಷ್ಯವೂ ಕುಂದುತ್ತವೆ. ನೀನು ಆಡುವ ಮೈನ್‌ಕ್ರಾಫ್ಟಿಗೆ 2011ರ ಸೆಪ್ಟೆಂಬರಿನಲ್ಲಿ ಹಸಿವಿನ ಪಟ್ಟಿ ಬಂತು, ಸಾಲಾಗಿ ಹತ್ತು ಮಾಂಸದ ತುಂಡಿನ ಚಿತ್ರ. ಆದರೆ ನೀರಡಿಕೆಯ ಪಟ್ಟಿ ಅದರಲ್ಲಿಲ್ಲ. ಅಲ್ಲಿ ಮರಳುಗಾಡನ್ನು ಬರೀ ರೊಟ್ಟಿ ತಿಂದು ದಾಟಬಹುದು. ಆ ಲೆಕ್ಕ ಹಿಡಿದು ಜೇವರ್ಗಿಯ ಬಯಲಿಗೆ ಮಧ್ಯಾಹ್ನ ಕಾಲಿಟ್ಟವನು ಸಂಜೆ ಕಾಣಲಾರ.

  ಇದಕ್ಕೆ ಹೊತ್ತಿನ ಲೆಕ್ಕವನ್ನೂ ಸೇರಿಸು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹೊಲದವರು ಕತ್ತಲಿರುವಾಗಲೇ ಹೋಗಿ, ಬಿಸಿಲು ನೆತ್ತಿಗೆ ಬರುವ ಮೊದಲೇ ತಿರುಗುತ್ತಾರೆ. ಆದ್ದರಿಂದ 11ರಿಂದ 4ರವರೆಗೆ ಪ್ರತಿ ಹೆಜ್ಜೆಗೂ ನೀರಿನ ಖರ್ಚು ಎರಡು ಪಟ್ಟು, ಮೂರು ಪಟ್ಟು ಆಗಲಿ. ಬೇವಿನ ನೆರಳಲ್ಲಿ ಒರಗುವುದೂ ಒಂದು ಕೆಲಸವೆಂದು ಆಟ ಒಪ್ಪಿಕೊಳ್ಳಲಿ. ಓಡಾಡಿದವನೇ ಗೆಲ್ಲುವ ಆಟಗಳು ಬೇಕಾದಷ್ಟಿವೆ.

• ಉಪ್ಪು ಮರೆಯಬೇಡ. ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಮೇಲಿಂದ ಮೇಲೆ ಕುಡಿದರೆ ತಲೆ ತಿರುಗಿ, ವಾಂತಿಯಾಗಿ, ಮನುಷ್ಯ ಇನ್ನಷ್ಟು ಕುಸಿಯಬಹುದು. ಹೊಲಕ್ಕೆ ಹೋಗುವವರ ಬುತ್ತಿಯಲ್ಲಿ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಇರುವುದು ಇದಕ್ಕೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನೊಬಿಸ್ ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನು ಕುಡಿಸಿಯೇ ಅಸಂಖ್ಯ ಜೀವ ಉಳಿಸಿದರು. ಈಗ ಮನೆಯಲ್ಲೇ ಮಾಡಿಕೊಳ್ಳುವ ಅಳತೆ ಎಲ್ಲರಿಗೂ ಗೊತ್ತಿರಬೇಕು: ಒಂದು ಲೀಟರ್ ಶುದ್ಧ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಆಟದೊಳಗೆ ಇದೇ ಅಳತೆ ಇಡು. ಆಡಿದ ಹುಡುಗ ನಾಳೆ ಮನೆಯಲ್ಲಿ ಯಾರಿಗೋ ಮಾಡಿ ಕುಡಿಸಿಯಾನು.

• ನೀರನ್ನೆಲ್ಲ ಒಂದೇ ಸಾಮಾನು ಮಾಡಬೇಡ. ನಿನ್ನ ನಕಾಶೆಯಲ್ಲಿ ನೀಲಿ ಕಂಡಲ್ಲೆಲ್ಲ ಕುಡಿಯಬಹುದು ಎಂದಿದೆ. ನಮ್ಮಲ್ಲಿ ಸಿಹಿನೀರಿನ ಬಾವಿ ಬೇರೆ, ಸವಳು ನೀರಿನ ಬೋರು ಬೇರೆ. ಸವಳು ನೀರಿನಲ್ಲಿ ತೊಗರಿ ಬ್ಯಾಳಿ ಎಷ್ಟು ಕುದಿಸಿದರೂ ಸರಿಯಾಗಿ ಬೇಯುವುದಿಲ್ಲ. ಹೆಚ್ಚು ಹೊತ್ತು ಕುದಿಸಿದರೆ ಹೆಚ್ಚು ತೊಗರಿ ಕಟ್ಟಿಗೆ ಉರಿಯುತ್ತದೆ. ಕಟ್ಟಿಗೆ ತೀರಿದರೆ ಮತ್ತೆ ಬಿಸಿಲಲ್ಲಿ ನಡೆಯಬೇಕು. ನೀರು, ಉರುವಲು, ಊಟ ಮೂರೂ ಒಂದನ್ನೊಂದು ಎಳೆಯುವುದು ಹೀಗೆ. ಇದೊಂದನ್ನು ಸರಿಯಾಗಿ ಕಟ್ಟಿದರೆ ನಿನ್ನ ಆಟ ತಾನೇ ನಡೆಯತೊಡಗುತ್ತದೆ.

  ಬೇಸಿಗೆಯಲ್ಲಿ ಭೀಮೆ ಬತ್ತಿ ಮರಳು ಕಂಡಾಗ ಜನ ವರತಿ ತೋಡುತ್ತಾರೆ. ತೋಡಿದ ಕೂಡಲೇ ಬರುವುದು ರಾಡಿ. ಅದನ್ನು ಚೆಲ್ಲಿ, ಕೂತು ಕಾದು, ತಿಳಿನೀರು ಊರಿದ ಮೇಲೆ ಬಟ್ಟಲಿನಿಂದ ಮೊಗೆದು ಕೊಡಕ್ಕೆ ತುಂಬಬೇಕು. ಹಿಂದೆ ನಿಂತವರೂ ಕಾಯುತ್ತಿರುತ್ತಾರೆ. ಆ ಕಾಯುವಿಕೆಯನ್ನು ಬಟನ್ ಒತ್ತಿ ಹಾರಿಸಿಬಿಡುವ ಅವಕಾಶ ಕೊಡಬೇಡ. ಪಾಳಿಯಲ್ಲಿ ಮಾತು ನಡೆಯಲಿ, ಯಾರ ಮನೆಯಲ್ಲಿ ಏನಿದೆ ಏನಿಲ್ಲ ಎಂಬ ಸುದ್ದಿ ಆಟಗಾರನಿಗೆ ಅಲ್ಲೇ ಸಿಗಲಿ. ಭಾರವನ್ನೂ ಲೆಕ್ಕಕ್ಕೆ ಹಿಡಿ: ಲೀಟರಿಗೆ ಒಂದು ಕಿಲೊ, ತುಂಬಿದ ಕೊಡವೆಂದರೆ ಹದಿನೈದು ಕಿಲೊದ ಸುಮಾರು. ಅದನ್ನು ಹೊತ್ತವಳು ಓಡಲಾರಳು.

  ಮಣ್ಣಿನ ರಂಜಣಗಿ ಒಣ ಬಿಸಿಲಿನಲ್ಲಿ ನೀರನ್ನು ಚೆನ್ನಾಗಿ ತಣ್ಣಗಿಡುತ್ತದೆ, ಮೈಯಿಂದ ನೀರು ಒಸರಿ ಆರುವುದೇ ಅದರ ಗುಟ್ಟು. ಮಳೆಗಾಲದ ತೇವದಲ್ಲಿ ಆ ಗುಣ ತಗ್ಗುತ್ತದೆ. ಇನ್ನೊಂದು ಮಾತು: 2020ರ ಅಕ್ಟೋಬರಿನಲ್ಲಿ ಉಜನಿ ಅಣೆಕಟ್ಟಿನ ಕಡೆಯಿಂದ ಬಂದ ನೀರಿಗೆ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ದಂಡೆಯ ಹಳ್ಳಿಗಳು ಮುಳುಗಿದವು. ಸುತ್ತ ನೀರೇ ನೀರು, ಕುಡಿಯಲು ಮಾತ್ರ ಹನಿಯಿಲ್ಲ. ಬರಗಾಲದ ಆಟದಲ್ಲಿ ಅಂಥ ಒಂದು ವಾರ ಇರಲಿ.

• ಕಾಳು ಸಿಕ್ಕಿತೆಂದರೆ ಊಟ ಸಿಕ್ಕಿತೆಂದಲ್ಲ. ಮೈನ್‌ಕ್ರಾಫ್ಟಿನಲ್ಲಿ ಮೂರು ಗೋಧಿ ಸೂಡು ಸಾಲಾಗಿ ಇಟ್ಟರೆ ಬ್ರೆಡ್ ಕೈಗೆ ಬರುತ್ತದೆ. ಜೋಳ ಹಾಗೆ ಒಲಿಯುವುದಿಲ್ಲ. ರಾಶಿಯಾದ ಕಾಳನ್ನು ಕೇರಿ, ಹಸನು ಮಾಡಿ, ಬೀಸಿ ಹಿಟ್ಟು ಮಾಡಬೇಕು. ಗೋಧಿಯ ಜಿಗುಟು ಜೋಳಕ್ಕಿಲ್ಲ, ಅದಕ್ಕೇ ಹಿಟ್ಟಿಗೆ ಎಸರು ಹೊಯ್ದು ನಾದಬೇಕು. ಹಾಗೆ ಮಾಡದಿದ್ದರೆ ಬಡಿಯುವಾಗ ರೊಟ್ಟಿ ಹರಿಯುತ್ತದೆ. ಈ ಒಂದೊಂದು ಹಂತಕ್ಕೂ ಹೊತ್ತು, ನೀರು, ರಟ್ಟೆಯ ಬಲ ಖರ್ಚಾಗುತ್ತದೆ. ಉಣ್ಣುವ ಮೊದಲೇ ಉಣ್ಣುವುದಕ್ಕಾಗಿ ಮೈ ಸವೆಯುತ್ತದೆಂಬುದು ಆಟಗಾರನಿಗೆ ಗೊತ್ತಾಗಬೇಕು. ಕಾಳು ಬಹಳ ದಿನ ಇರುತ್ತದೆ, ಹಿಟ್ಟು ಬೇಗ ಕೆಡುತ್ತದೆ, ಮೆತ್ತನ್ನ ರೊಟ್ಟಿ ಒಂದೆರಡು ದಿನ, ಖಡಕ್ ರೊಟ್ಟಿ ವಾರಗಟ್ಟಲೆ. ದಾರಿಗೆ ಏನು ಕಟ್ಟಿಕೊಳ್ಳಬೇಕೆಂದು ಯೋಚಿಸಲು ಇಷ್ಟು ಸಾಕು. ಖಡಕ್ ರೊಟ್ಟಿ ತಿಂದರೆ ನೀರಡಿಕೆ ಹೆಚ್ಚುತ್ತದೆ, ಅದನ್ನೂ ಬರೆದುಕೊ.

• ಹಗೇವು ಇಲ್ಲದ ಜೋಳದ ಸೀಮೆ ಯಾವುದು? ನೆಲದೊಳಗೆ ತೋಡಿ, ಹೊಟ್ಟು ಹುಲ್ಲು ಹಾಸಿ, ಜೋಳ ತುಂಬಿ ಬಾಯಿ ಮುಚ್ಚಿದರೆ ಕೆಟ್ಟ ವರ್ಷಕ್ಕೆ ಅದೇ ಆಸರೆ. ಒಳಗಿನ ಕಾಳು ಉಸಿರಾಡಿ ಪ್ರಾಣವಾಯು ತೀರಿ ಕೆಟ್ಟ ಗಾಳಿ ತುಂಬುತ್ತದೆ. ಹುಳ ಬದುಕದಿರಲು ಅದೇ ಕಾರಣ, ತೆಗೆದ ಕೂಡಲೇ ಇಳಿದ ಮನುಷ್ಯ ಸಾಯಲೂ ಅದೇ ಕಾರಣ. ಅದಕ್ಕೇ ಹಿರಿಯರು ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ನಿನ್ನ ಆಟದಲ್ಲಿ ಹಸಿದವನ ಮುಂದೆ ತುಂಬಿದ ಹಗೇವಿರಲಿ, ಕೈಯಲ್ಲಿ ಕಂದೀಲು ಇರಲಿ. ಅವಸರ ಮಾಡುತ್ತಾನೋ ಇಲ್ಲವೋ ನೋಡು. ಹಸಿವಿನಿಂದ ಸಾಯುವವರಂತೆ ಹಸಿವಿನ ಅವಸರದಿಂದ ಸಾಯುವವರೂ ಇದ್ದಾರೆ. ದೀಪ ಆರದಿದ್ದರೂ ಪೂರಾ ನಂಬುವಂತಿಲ್ಲ, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ನಿಂತಿರಬೇಕು. ಹೀಗೆ ಮಾಡಿದರೆ ಒಂಟಿಯಾಗಿ ಆಡುವವನಿಗೆ ಹಗೇವು ಒಲಿಯುವುದೇ ಇಲ್ಲ, ನನಗೆ ಬೇಕಾದ್ದೂ ಅದೇ.

• ತಿಂಗಳಿಗೆ ತಕ್ಕ ತಿನಿಸು ಇಡು. ಮಾಗಿಯಲ್ಲಿ ಸೀತನಿ, ಹಸಿ ಕಡಲೆ, ಬಾರಿ ಹಣ್ಣು. ಡಿಸೆಂಬರ್ ಜನವರಿಗೆ ತೊಗರಿ ರಾಶಿ, ಎಳ್ಳಮಾಸಿಗೆ ಹೊಲದಲ್ಲಿ ಭಜ್ಜಿ, ಸಜ್ಜಿ ರೊಟ್ಟಿ, ಚರಗ. ಹಿಂಗಾರಿ ಜೋಳ ಶಿವರಾತ್ರಿಯ ಆಸುಪಾಸು ಮನೆಗೆ ಬರುತ್ತದೆ. ನಿಜವಾದ ಇಕ್ಕಟ್ಟು ಮಳೆ ಶುರುವಾದ ಮೇಲೆ: ಹಳೆಯ ಕಾಳು ತಳ ಕಂಡಿರುತ್ತದೆ, ಇದ್ದದ್ದರಲ್ಲಿ ಬಿತ್ತನೆಗೂ ತೆಗೆದಿಡಬೇಕು, ಹೆಸರು ಬರುವುದು ಆಗಸ್ಟ್ ಕೊನೆಗೆ. ಹಸಿರು ತುಂಬಿದ ಹೊಲ ನೋಡುತ್ತ ಹಸಿದಿರುವ ತಿಂಗಳುಗಳು ಅವು. ಬೀಜದ ಜೋಳ ತಿನ್ನುವುದೋ ಬಿಡುವುದೋ ಎಂಬ ಪ್ರಶ್ನೆಯನ್ನು ಆಗ ಆಟಗಾರನ ಮುಂದಿಡು. ಹಕ್ಕರಕಿ, ಗೋಳಿ ಪಲ್ಯ ಹೊಲದ ಬದುವಿನಲ್ಲಿ ಸಿಗುತ್ತವೆ. ಗುರುತಿಸಲು ಮುದುಕಿಯೊಬ್ಬಳು ಕಲಿಸಬೇಕು.

• ಅಂಕಿ ಎಲ್ಲಿಂದ ತಂದಿರಿ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ದಿನಕ್ಕೆ ಎರಡು ರೊಟ್ಟಿ ಸಾಕು ಎಂದು ಕರಡಿನಲ್ಲಿದೆ. ಯಾರಿಗೆ ಸಾಕು, ಏನು ಮಾಡುವವರಿಗೆ? 1876ರಿಂದ 78ರವರೆಗಿನ ದೊಡ್ಡ ಬರ ಮುಂಬೈ, ಮದ್ರಾಸ್, ಮೈಸೂರು, ನಿಜಾಮನ ಹೈದರಾಬಾದ್ ಎಲ್ಲವನ್ನೂ ಸುಟ್ಟಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಗಾಲದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆ ಸಾಕೆಂದು ಗೊತ್ತುಮಾಡಿದ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಒಪ್ಪಲಿಲ್ಲ. ಮೈಮುರಿದು ದುಡಿಯುವವರಿಗೆ ಇಷ್ಟು ಸಾಲದು, ಬೇಳೆಯೂ ಬೇಕು ಎಂದು ಹಟ ಹಿಡಿದು ಬರೆದರು. ಕೊನೆಗೆ ಮದ್ರಾಸಿನಲ್ಲಿ ಆ ಕೂಲಿ ಏರಿಸಬೇಕಾಯಿತು. ಅಷ್ಟರೊಳಗೆ ಹೋದ ಜೀವಗಳು ಹೋದವು. ಮೇಜಿನ ಮೇಲೆ ಬರೆದ ಒಂದು ಅಂಕಿ ಊರಿಗೆ ಊರನ್ನೇ ಒಣಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

  ನಿನ್ನ ಆಟದಲ್ಲಿ ಜೀವ ಹೋಗುವುದಿಲ್ಲ ನಿಜ, ಆದರೆ ಆಡಿದವರ ತಲೆಯಲ್ಲಿ ಲೆಕ್ಕ ಉಳಿಯುತ್ತದೆ. ಕಲ್ಲು ಒಡೆಯುವುದಕ್ಕೆ ಇಷ್ಟು, ನೀರು ಹೊರುವುದಕ್ಕೆ ಇಷ್ಟು, ಸದಿ ತೆಗೆಯುವುದಕ್ಕೆ ಇಷ್ಟು, ಮಲಗಿದರೆ ಇಷ್ಟು ಎಂದು ಬೇರೆಬೇರೆ ಇಡು. ಕೆನಡಾದವರು ಮಾಡಿದ ದಿ ಲಾಂಗ್ ಡಾರ್ಕ್ ಆಟದಲ್ಲಿ ಪ್ರತಿ ಕೆಲಸಕ್ಕೂ ತಾಸಿಗೆ ಎಷ್ಟು ಕ್ಯಾಲರಿ ಎಂಬ ಲೆಕ್ಕವಿದೆಯಲ್ಲ, ಹಾಗೆ. ಬಸುರಿಗೆ, ಹಾಲೂಡುವ ತಾಯಿಗೆ ಹೆಚ್ಚು ಬೇಕು.

• ಹಸಿವು ತಲೆಗೆ ಏರುವುದನ್ನು ತೋರಿಸು. 1980ರ ಸುಮಾರಿಗೆ ಬಂದ ರೋಗ್ ಎಂಬ ಹಳೆಯ ಆಟದಲ್ಲೇ ಹಸಿದಿದ್ದೀ, ನಿತ್ರಾಣವಾಗಿದ್ದೀ, ಮೂರ್ಛೆ ಹೋಗುತ್ತಿದ್ದೀ ಎಂದು ಮೆಟ್ಟಿಲುಗಳಿದ್ದವಂತೆ. ಅವೆಲ್ಲ ಮೈಯ ಮಾತು. ಅಮೆರಿಕದ ಮಿನೆಸೋಟಾದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಪ್ಪಿ ಬಂದ 36 ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿ ಇಟ್ಟು ನೋಡಿದ. ಮೈತೂಕದಲ್ಲಿ ಕಾಲುಭಾಗದಷ್ಟು ಇಳಿಯಿತು. ಅದಕ್ಕಿಂತ ನನ್ನನ್ನು ತಟ್ಟಿದ್ದು ಮನಸ್ಸಿನ ಸಂಗತಿ: ಅವರು ಅಡುಗೆ ಪುಸ್ತಕಗಳನ್ನು ಓದುತ್ತ ಕೂರುತ್ತಿದ್ದರು, ಸಣ್ಣ ಮಾತಿಗೂ ಸಿಡುಕುತ್ತಿದ್ದರು, ಗೆಳೆತನ ನಗೆಚಾಟಿಕೆ ಬೇಡವಾಯಿತು, ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು.

  ಇದನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ಬೆಳಿಗ್ಗೆ ಉಣ್ಣದೆ ಬಂದ ಹುಡುಗ ಹನ್ನೊಂದರ ಮೇಲೆ ಪಾಠ ಕೇಳುತ್ತಿರಲಿಲ್ಲ, ಕಿಟಕಿ ನೋಡುತ್ತಿದ್ದ, ಬೆಂಚಿನ ಜೊತೆಗಾರನ ಮೇಲೆ ಕೈ ಮಾಡುತ್ತಿದ್ದ. ದಡ್ಡ, ತಂಟೆಕೋರ ಎಂದು ಅವನಿಗೆ ಹೆಸರು ಬರುತ್ತಿತ್ತು. 2002ರ ಜೂನಿನಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟ ಮೊದಲು ಶುರುವಾಯಿತು, ನಮ್ಮದೂ ಅದರಲ್ಲಿತ್ತು. ಮಧ್ಯಾಹ್ನದ ತರಗತಿಯ ಕಳೆಯೇ ಬದಲಾಯಿತು, ಅದೇ ಹುಡುಗರು ಕೈ ಎತ್ತಿ ಉತ್ತರ ಹೇಳುತ್ತಿದ್ದರು. ಆದ್ದರಿಂದ ಪಟ್ಟಿ ಅರ್ಧಕ್ಕಿಳಿದಾಗ ಪರದೆ ಕೆಂಪಾಗುವುದು ಬೇಡ. ಪಾತ್ರದ ಬಾಯಿಂದ ಬರುವ ಮಾತು ಮೊಟಕಾಗಲಿ, ಒಳ್ಳೆಯ ಉತ್ತರಗಳು ಆಯ್ಕೆಯ ಪಟ್ಟಿಯಿಂದ ಒಂದೊಂದಾಗಿ ಮಾಯವಾಗಲಿ, ಯಾರು ಏನು ಹೇಳಿದರೂ ಅದರಲ್ಲಿ ಊಟದ ಶಬ್ದವಷ್ಟೇ ದಪ್ಪಕ್ಷರದಲ್ಲಿ ಕಾಣಲಿ.

• ಒಂದು ಊಟಕ್ಕೆ ಎಲ್ಲ ಸರಿಹೋಯಿತೆಂದು ಮಾಡಬೇಡ. ಬಹುದಿನ ಹೊಟ್ಟೆಗಿಲ್ಲದವರಿಗೆ ಒಮ್ಮೆಲೇ ತುಂಬಾ ಉಣಿಸಿದರೆ ರಕ್ತದಲ್ಲಿನ ಲವಣಗಳು ಏರುಪೇರಾಗಿ ಜೀವಕ್ಕೇ ಕುತ್ತು ಬರುತ್ತದೆ. ಮೊದಲು ಗಂಜಿ, ಆಮೇಲೆ ನುಚ್ಚು, ಆಮೇಲೆ ರೊಟ್ಟಿ. ದಿ ಲಾಂಗ್ ಡಾರ್ಕ್ ಆಡುವವರು ದಿನವಿಡೀ ಉಪವಾಸ ಬಿದ್ದು, ಮಲಗುವ ಮುಂಚೆ ಒಂದಿಷ್ಟು ತಿಂದು, ಹೋದ ಆರೋಗ್ಯವನ್ನು ರಾತ್ರಿಯ ನಿದ್ದೆಯಲ್ಲಿ ಮರಳಿ ಪಡೆಯುವ ಉಪಾಯ ಕಂಡುಕೊಂಡರಂತೆ. ಆಮೇಲೆ ಅದನ್ನು ಮಾಡಿದವರು ಮೂರು ದಿನ ಸರಿಯಾಗಿ ಉಂಡವನಿಗೆ ಹೆಚ್ಚು ಭಾರ ಹೊರುವ ಬಲ ಕೊಟ್ಟರು. ಒಳ್ಳೆಯ ಉಪಾಯ, ನೀವೂ ಯೋಚಿಸಿ.

• ಒಬ್ಬರ ಪಟ್ಟಿಯ ಬದಲು ಮನೆಯ ಪಟ್ಟಿ ಇರಲಿ. ಮುದುಕ, ಗಂಡ, ಹೆಂಡತಿ, ಎರಡು ಮಕ್ಕಳು, ಕಟ್ಟಿದ ಎತ್ತು. ಬುಟ್ಟಿಯಲ್ಲಿ ಎಂಟೇ ರೊಟ್ಟಿ. ಯಾರಿಗೆ ಎಷ್ಟು? ನಮ್ಮ ಮನೆಗಳಲ್ಲಿ ಇದಕ್ಕೆ ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆಯೊಂದಿತ್ತು: ದುಡಿಯುವ ಗಂಡಸು ಮೊದಲು, ಮಕ್ಕಳು ಆಮೇಲೆ, ಬಡಿಸಿದವಳು ಎಲ್ಲರ ಕೊನೆಗೆ, ಉಳಿದಿದ್ದರೆ. ಇದು ನಮ್ಮ ಸೀಮೆಯ ದೊಡ್ಡ ಅನ್ಯಾಯ. ಬರಗಾಲದ ಕಥೆ ಹೇಳುವವರು ಮಳೆಯನ್ನು ದೂರಿ ಇದನ್ನು ಬಿಟ್ಟುಬಿಡುತ್ತಾರೆ.

  ಆಟದಲ್ಲಿ ಇದನ್ನು ಹೀಗೆ ಮಾಡಿ ನೋಡು. ಬೇರೆ ಎಲ್ಲರ ಪಟ್ಟಿಯೂ ನಿಜ ತೋರಿಸಲಿ, ತಾಯಿಯದು ಮಾತ್ರ ಅವಳು ಹೇಳಿದ್ದನ್ನೇ ತೋರಿಸಲಿ. “ನಂದಾಯ್ತು, ನೀವು ಉಣ್ರಿ” ಎಂದು ಅವಳು ಅಂದರೆ ಪಟ್ಟಿ ತುಂಬಿರುತ್ತದೆ. ನಿಜ ತಿಳಿಯಬೇಕಾದರೆ ಆಟಗಾರ ಅವಳನ್ನು ನೋಡಬೇಕು: ಕೊಡ ಎತ್ತುವಾಗ ಗೋಡೆ ಹಿಡಿಯುತ್ತಾಳೆಯೇ, ಒಲೆ ಮುಂದಿಂದ ಏಳಲು ತಡಮಾಡುತ್ತಾಳೆಯೇ, ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಇದ್ದವು, ಎಷ್ಟು ತಟ್ಟೆಗೆ ಹೋದವು. ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ ಎಂಬ ಆಯ್ಕೆ ಮೊದಲ ದಿನದಿಂದಲೇ ಮೆನುವಿನಲ್ಲಿರಲಿ. ಯಾವ ಸೂಚನೆಯೂ ಅದನ್ನು ಒತ್ತು ಎಂದು ಹೇಳದಿರಲಿ. ಎಷ್ಟು ಜನ ತಾವಾಗಿ ಒತ್ತುತ್ತಾರೆಂಬುದು ನನಗೂ ತಿಳಿಯಬೇಕಾಗಿದೆ, ಆಡಿಸಿದಾಗ ಬರೆದಿಡು.

• ಕೇಳುವುದನ್ನು ಆಟದ ದೊಡ್ಡ ವಿದ್ಯೆ ಮಾಡು. ಇಂಥ ಆಟಗಳಲ್ಲಿ ಬೇಟೆ ಇದೆ, ಕಳವು ಇದೆ, ವ್ಯಾಪಾರ ಇದೆ. ಒಂದು ಬಾಗಿಲ ಮುಂದೆ ನಿಂತು ಊಟ ಕೇಳುವುದು ಬಹಳ ಕಡಿಮೆ. ನಿನ್ನ ನಕಾಶೆಯ ನಡುವೆಯೇ ಅದನ್ನು ಕಲಿಸುವ ಊರಿದೆ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ, ಭೀಮೆಗೆ ಅಮರಜಾ ಬಂದು ಕೂಡುವ ಜಾಗ. ಮಧ್ಯಾಹ್ನದ ಹೊತ್ತಿಗೆ ದತ್ತಾತ್ರೇಯ ತಾನೇ ಯಾವುದಾದರೂ ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂದು ಅಲ್ಲಿಯವರ ನಂಬಿಕೆ. ಬಂದ ಭಕ್ತರು ಜೋಳಿಗೆ ಹಿಡಿದು ಐದು ಮನೆಯಲ್ಲಾದರೂ ಮಧುಕರಿ ಬೇಡುತ್ತಾರೆ. ಕಾರಿನಲ್ಲಿ ಬಂದ ಸಾಹುಕಾರನೂ ಬೇಡುತ್ತಾನೆ, ಬಸ್ಸಿಳಿದು ಬಂದ ಕೂಲಿಯವನೂ ಬೇಡುತ್ತಾನೆ. ಬಂದವನು ದೇವರಿದ್ದಾನು ಎಂದು ಕೊಡುವವರು ನೀಡುತ್ತಾರೆ.

  ಇದರ ಒಳಗಿನ ಜಾಣತನ ನೋಡು. ಐದು ಮನೆ ಎಂದಾಗ ಯಾವ ಮನೆಗೂ ಭಾರ ಬೀಳಲಿಲ್ಲ, ಒಂದೊಂದು ಬಾಗಿಲಲ್ಲಿ ಒಂದು ತುತ್ತು. ಎಲ್ಲರೂ ಬೇಡುವ ಊರಿನಲ್ಲಿ ಬೇಡುವುದಕ್ಕೆ ನಾಚಿಕೆ ಇಲ್ಲ, ಆದ್ದರಿಂದ ನಿಜವಾಗಿ ಹಸಿದವನು ಯಾರೆಂದು ಗುರುತು ಹತ್ತುವುದಿಲ್ಲ. ಬೇರೆ ಊರಲ್ಲಿ ಕೇಳಲು ಹೋದರೆ ಮರ್ಯಾದೆ ಎಂಬ ಮೂರನೆಯ ಪಟ್ಟಿ ಇಳಿಯಲಿ. ಕೆಲವರು ಆ ಪಟ್ಟಿ ಕಾಯುತ್ತ ಹಸಿವಿನ ಪಟ್ಟಿಯನ್ನು ಸೊನ್ನೆಗೆ ತಂದುಕೊಳ್ಳುತ್ತಾರೆ, ನಾನು ಬಲ್ಲವರಲ್ಲೂ ಅಂಥವರಿದ್ದರು. ಗಾಣಗಾಪುರದ ಎಲ್ಲೆ ದಾಟಿದ ಕೂಡಲೇ ಆ ಮೂರನೆಯ ಪಟ್ಟಿ ಪರದೆಯಿಂದ ಅಳಿಸಿಹೋಗಲಿ. ಆಟಗಾರ ಅಲ್ಲೇ ಮನೆ ಮಾಡಿದರೆ ಮಧ್ಯಾಹ್ನ ಅವನ ಬಾಗಿಲಿಗೂ ಜೋಳಿಗೆ ಬರಲಿ, ಅವನ ಬುಟ್ಟಿಯಲ್ಲಿ ಏನಿದ್ದರೂ ಸರಿ.

• ಕೊಡುವುದಕ್ಕೆ ಅಂಕ ಕಟ್ಟಬೇಡ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು ಜೋಳದ ಹೊಲದಲ್ಲಿ ಹಕ್ಕಿ ಹೊಡೆಯದೆ ತಿನ್ನಲು ಬಿಟ್ಟರೆಂದೂ, ತಿಂದ ಹಕ್ಕಿಗೆ ಕುಡಿಯಲು ನೀರಿಟ್ಟರೆಂದೂ ನಮ್ಮಲ್ಲಿ ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಅವರ ಹೆಸರಿನ ದಾಸೋಹ ಕಲಬುರಗಿಯಲ್ಲಿ ಇವತ್ತಿಗೂ ನಡೆದಿದೆ. ಆಟಗಾರನನ್ನು ಅಟ್ಟಣಿಗೆಯ ಮೇಲೆ ನಿಲ್ಲಿಸಿ ಕೈಯಲ್ಲಿ ಕವಣೆ ಕೊಡು, ಪಕ್ಕದಲ್ಲಿ ನೀರಿನ ಮಡಕೆಯನ್ನೂ ಇಡು. ಹಕ್ಕಿ ತಿಂದ ತೆನೆ ಹೋಯಿತು, ಅದು ತಿರುಗಿ ಬರುವುದಿಲ್ಲ. ಪುಣ್ಯದ ಅಂಕ, ಗುಪ್ತ ಬಹುಮಾನ ಏನನ್ನೂ ಇಡಬೇಡ. ಇಟ್ಟರೆ ಅದು ವ್ಯಾಪಾರವಾಗುತ್ತದೆ.

  ವ್ಯಾಪಾರಕ್ಕೂ ಜಾಗವಿದೆ, ಅದಕ್ಕೆ ಕೈಗಡ ಎನ್ನುತ್ತೇವೆ: ಒಂದು ಸೇರು ಹಿಟ್ಟು ಒಯ್ದರೆ ಒಂದು ಸೇರು ತಂದು ಸುರಿಯಬೇಕು, ತರದವನ ಮುಖಕ್ಕೆ ಮುಂದಿನ ಸಲ ಬಾಗಿಲು ಮುಚ್ಚುತ್ತದೆ. ಲೆಕ್ಕವಿರುವ ಕೈಗಡ, ಲೆಕ್ಕವಿಲ್ಲದ ದಾಸೋಹ, ಊರು ನಡೆದದ್ದು ಎರಡರಿಂದಲೂ. ಪೋಲೆಂಡಿನವರು 2014ರಲ್ಲಿ ದಿಸ್ ವಾರ್ ಆಫ್ ಮೈನ್ ಎಂಬ ಆಟ ತಂದರಲ್ಲ, ಮುತ್ತಿಗೆ ಬಿದ್ದ ಊರಿನ ಸಾಮಾನ್ಯ ಜನರದು, ಸರಾಯೆವೊದ ಅನುಭವದಿಂದ ಹುಟ್ಟಿದ್ದು. ಅದರಲ್ಲಿ ನೆರೆಯವರು ಬಾಗಿಲು ಬಡಿದು ಸಹಾಯ ಕೇಳುತ್ತಾರೆ. ವಯಸ್ಸಾದ ದಂಪತಿಯ ಮನೆ ದೋಚಿದರೆ ನಿನ್ನ ಪಾತ್ರಗಳೇ ಮನಸ್ಸು ಕುಸಿದು ಕೂರುತ್ತವೆ. 2020ರಲ್ಲಿ ಆ ದೇಶದ ಸರ್ಕಾರ ಅದನ್ನು ಶಾಲಾ ಮಕ್ಕಳ ಓದಿನ ಪಟ್ಟಿಗೆ ಸೇರಿಸುವುದಾಗಿ ಹೇಳಿತು. ಆಟವೆಂದು ಯಾರಾದರೂ ಹಗುರಾಗಿ ಮಾತಾಡಿದರೆ ಇದನ್ನು ಹೇಳು.

• ಉಪವಾಸಕ್ಕೆ ಬೇರೆ ನಿಯಮ ಬರೆ. ಏಕಾದಶಿ ಹಿಡಿದು ಪಂಢರಪುರದ ದಿಂಡಿಯಲ್ಲಿ ನಡೆಯುವವನ ಹೊಟ್ಟೆಯೂ ಖಾಲಿ, ಆಳಂದದಲ್ಲಿ ರೋಜಾ ಇರುವವನ ಹೊಟ್ಟೆಯೂ ಖಾಲಿ. 2018, 2019ರಲ್ಲಿ ರಂಜಾನ್ ತಿಂಗಳು ಮೇ ಬಿಸಿಲಿಗೇ ಬಂದಿತ್ತು, ಹಗಲೆಲ್ಲ ಒಂದು ಗುಟುಕು ನೀರಿಲ್ಲದೆ ಜನ ದುಡಿದರು. ಮೈಯ ಅಂಕಿ ಬೇರೆಯವರಿಗೆ ಇಳಿದಷ್ಟೇ ಇವರಿಗೂ ಇಳಿಯಲಿ, ಮನಸ್ಸಿನದು ಇಳಿಯದಿರಲಿ. ಸಂಜೆ ಇಷ್ಟು ಹೊತ್ತಿಗೆ ಊಟವಿದೆ ಎಂದು ಗೊತ್ತಿದ್ದು ಹಸಿದಿರುವುದಕ್ಕೂ, ಇದೆಯೋ ಇಲ್ಲವೋ ತಿಳಿಯದೆ ಹಸಿದಿರುವುದಕ್ಕೂ ಬಹಳ ಅಂತರ.

• ಊರು ಬಿಡುವ ದಾರಿ ಮುಚ್ಚಬೇಡ. ಕರಡಿನಲ್ಲಿ ನಕಾಶೆಯ ಅಂಚು ಮುಟ್ಟಿದರೆ ಆಟ ಸೋತಂತೆ ಎಂದಿದೆ. ನಮ್ಮ ತಾಲ್ಲೂಕುಗಳ ಎಷ್ಟೋ ಮನೆ ಉಳಿದದ್ದು ಗುಳೆ ಹೋದವರಿಂದ, ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋದವರಿಂದ. ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತುವ ಆಯ್ಕೆ ಇರಲಿ. ಇಬ್ಬರು ಹೋದರೆ ಮನೆಯಲ್ಲಿ ಉಣ್ಣುವ ಬಾಯಿ ಕಡಿಮೆ, ಜೊತೆಗೆ ಕೊಡ ಹೊರುವ ತಲೆಯೂ ಕಡಿಮೆ. ಉಳಿದ ಮುದುಕ, ಹುಡುಗಿ ಸೇರಿ ವರತಿಯ ಪಾಳಿ ಹೇಗೆ ನಿಭಾಯಿಸುತ್ತಾರೆಂದು ಆಟ ಮುಂದುವರಿಯಲಿ.

• ರಾತ್ರಿಯಿಡೀ ಕೂತು ಹಸಿವಿನ ಕೋಡ್ ಬರೆಯುವಾಗ ನೀವು ನಾಲ್ವರೂ ಹೊತ್ತಿಗೆ ಸರಿಯಾಗಿ ಉಣ್ಣಿ. ಚಹಾ, ಬಿಸ್ಕೀಟು ಊಟವಲ್ಲ.

• ಆಡಿಸಿ ನೋಡುವಾಗ ಕಾಲೇಜಿನ ಗೆಳೆಯರಿಗಷ್ಟೇ ಕೊಡಬೇಡ. ಮೇ ತಿಂಗಳಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಾ, ಉದ್ಯೋಗ ಖಾತ್ರಿ ಕೆಲಸ ಮುಗಿಸಿ ಬಂದ ಹೆಂಗಸರ ಜೊತೆ ಕಟ್ಟೆಯ ಮೇಲೆ ಕೂರು. ಕೀಲಿಮಣೆ ನೀನು ಒತ್ತು, ಏನು ಮಾಡಬೇಕೆಂದು ಅವರು ಹೇಳಲಿ. “ಮೊದಲು ಆ ಮನಿಗಿ ಹೋಗಿ ಕೇಳು”, “ಹಿಟ್ಟು ಇಷ್ಟ್ಯಾಕ ಕಲಸ್ತಿ, ಅರ್ಧ ಇಡು” ಎಂದು ಅವರು ಅಂದಾಗ ಆ ಕೆಲಸ ನಿನ್ನ ಆಟದಲ್ಲಿ ಮಾಡಲು ಬಾರದಿದ್ದರೆ, ಅದನ್ನು ವಹಿಯಲ್ಲಿ ಬರೆದುಕೊಂಡು ಬೆಂಗಳೂರಿಗೆ ಹೋದ ಮೇಲೆ ಮೊದಲು ಸೇರಿಸು.